ಬಿಟ್ಟುಹೋಗದ ಕಾಯಿಲೆ, ಕೈಬಿಡದ ದೇವರು



ನೆಗಡಿ, ಜ್ವರ ಬಂದರೆ ನಾಲ್ಕು ದಿನದಲ್ಲಿ ಇಳಿಯುತ್ತದೆ. ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಕೆಲವು ಕಾಯಿಲೆಗಳು ಒಮ್ಮೆ ಮನೆಗೆ ಬಂದರೆ ಹೊರಟುಹೋಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಸಂಧಿವಾತ, ಮೂರ್ಛೆರೋಗ, ಮೂತ್ರಪಿಂಡದ ತೊಂದರೆ ಇವೆಲ್ಲ ಅಂತಹವು. ನಮ್ಮ ಧರ್ಮಕೇಂದ್ರಗಳ ಯಾವ ಬೀದಿಗೆ ಹೋದರೂ ಇವುಗಳಲ್ಲಿ ಒಂದೂ ಇಲ್ಲದ ಮನೆ ಸಿಗುವುದು ಕಷ್ಟ. ಜಪಸರ, ಪ್ರಾರ್ಥನಾ ಪುಸ್ತಕ ಇಟ್ಟಿರುವ ಅಲಮಾರಿನಲ್ಲೇ ಮಾತ್ರೆಯ ಡಬ್ಬಿಯೂ ಇರುತ್ತದೆ.

‘ಇದಕ್ಕೆ ಜೀವನಪೂರ್ತಿ ಔಷಧಿ ತೆಗೆದುಕೊಳ್ಳಬೇಕು’ ಎಂದು ಡಾಕ್ಟರು ಹೇಳಿದ ದಿನ ವಿಶ್ವಾಸಿಯ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ‘ನಾನು ಯಾವ ಪಾಪ ಮಾಡಿದೆನೆಂದು ದೇವರು ಈ ಶಿಕ್ಷೆ ಕೊಟ್ಟರು?’ ಎನ್ನುವುದು ಮೊದಲನೆಯದು. ‘ಇಷ್ಟು ಪ್ರಾರ್ಥಿಸಿದರೂ ಏಕೆ ವಾಸಿಯಾಗುತ್ತಿಲ್ಲ? ನನ್ನ ವಿಶ್ವಾಸವೇ ಸಾಲದೇ?’ ಎನ್ನುವುದು ಎರಡನೆಯದು. ಇವೆರಡಕ್ಕೂ ಸರಿಯಾದ ಉತ್ತರ ಸಿಗದೆ ಹೋದರೆ ಕಾಯಿಲೆಗಿಂತ ಹೆಚ್ಚಾಗಿ ಈ ಪ್ರಶ್ನೆಗಳೇ ಮನುಷ್ಯನನ್ನು ಕುಗ್ಗಿಸಿಬಿಡುತ್ತವೆ. ಉತ್ತರ ಸಿಕ್ಕರೆ ಮಾತ್ರ ಮೂರನೆಯ ಪ್ರಶ್ನೆಗೆ ಮನಸ್ಸು ತೆರೆಯುತ್ತದೆ: ‘ಈ ಕಾಯಿಲೆಯ ಜೊತೆಯಲ್ಲೇ ಇಂದು ನಾನು ಹೇಗೆ ಬಾಳಲಿ?’

ಈ ವಾರದ ಅಧ್ಯಯನದಲ್ಲಿ ಈ ಮೂರನ್ನೂ ಕ್ರಮವಾಗಿ ಯೋಚಿಸೋಣ. ಮಾತು ಗಾಳಿಯಲ್ಲಿ ತೇಲಿಹೋಗದಿರಲೆಂದು ನಮಗೆಲ್ಲ ಪರಿಚಿತವಾದ ಸಕ್ಕರೆ ಕಾಯಿಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೇರೆ ಕಾಯಿಲೆಯುಳ್ಳವರು ತಮ್ಮ ಕಾಯಿಲೆಗೆ ಇದನ್ನು ಹೊಂದಿಸಿಕೊಂಡು ಓದಬಹುದು.

ಇದು ಪಾಪದ ಶಿಕ್ಷೆಯೇ?

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದು ಇದೇ ಪ್ರಶ್ನೆ. ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ ಎಂದು ಅವರು ಕೇಳಿದರು. ಇಬ್ಬರೂ ಅಲ್ಲ ಎಂದು ಪ್ರಭು ಸ್ಪಷ್ಟವಾಗಿ ಹೇಳಿದರು (ಯೊವಾನ್ನ 9:1–3). ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗಲೂ, ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಅವರು ಎಚ್ಚರಿಸಿದರು (ಲೂಕ 13:4–5). ಯೋಬನ ಗ್ರಂಥವಂತೂ ಪೂರ್ತಿಯಾಗಿ ಈ ಒಂದು ವಾದದ ಮೇಲೆಯೇ ನಿಂತಿದೆ. ‘ನೀನು ನರಳುತ್ತಿದ್ದೀಯೆ, ಆದ್ದರಿಂದ ನೀನು ತಪ್ಪು ಮಾಡಿರಲೇಬೇಕು’ ಎನ್ನುವುದು ಯೋಬನ ಗೆಳೆಯರ ಲೆಕ್ಕಾಚಾರ. ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಯೋಬನ ಮೇಲಲ್ಲ, ಹಾಗೆ ವಾದಿಸಿದ ಗೆಳೆಯರ ಮೇಲೆ (ಯೋಬ 42:7).

ನಮ್ಮ ನಡತೆಗೂ ಆರೋಗ್ಯಕ್ಕೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಮಿತಿಮೀರಿದ ಊಟ, ಮದ್ಯ, ಹೊಗೆಸೊಪ್ಪು, ದೇಹಕ್ಕೆ ವ್ಯಾಯಾಮವಿಲ್ಲದ ಬದುಕು ಇವುಗಳಿಂದ ಕಾಯಿಲೆ ಬರಬಹುದು, ಬಂದದ್ದು ಉಲ್ಬಣಿಸಲೂಬಹುದು. ಆದರೆ ಅದು ಕಾರಣ ಮತ್ತು ಪರಿಣಾಮ, ದೇವರು ಹೂಡಿದ ಸೇಡಲ್ಲ. ಎಂಟು ವರ್ಷದ ಮಗುವಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಅದರ ದೇಹದಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ದಾರಿತಪ್ಪಿ, ಇನ್ಸುಲಿನ್ ತಯಾರಿಸುವ ಮೇದೋಜೀರಕದ ಜೀವಕೋಶಗಳನ್ನು ನಾಶಮಾಡಿರುತ್ತದೆ. ಆ ಮಗು ಹೆಚ್ಚು ಸಿಹಿ ತಿಂದದ್ದರಿಂದ ಹಾಗಾದದ್ದಲ್ಲ, ತಾಯಿ ಹರಕೆ ತೀರಿಸದ್ದರಿಂದಲೂ ಅಲ್ಲ. ಆದ್ದರಿಂದ ಕಾಯಿಲೆಯವರ ಹಾಸಿಗೆಯ ಪಕ್ಕ ಕುಳಿತು ‘ಏನೋ ಶಾಪ ಇರಬೇಕು’ ಎನ್ನುವವರು ತಿಳಿಯದೆಯೇ ಯೋಬನ ಗೆಳೆಯರ ಸಾಲಿಗೆ ಸೇರುತ್ತಾರೆ.

ಪ್ರಾರ್ಥಿಸಿದರೂ ಏಕೆ ವಾಸಿಯಾಗಲಿಲ್ಲ?

ಸಂತ ಪೌಲರಷ್ಟು ವಿಶ್ವಾಸ ನಮಗಿದೆಯೆಂದು ಹೇಳುವ ಧೈರ್ಯ ಯಾರಿಗಿದೆ? ಅವರ ಮೈಗೆ ತಾಗಿದ ಬಟ್ಟೆಗಳನ್ನು ಒಯ್ದು ರೋಗಿಗಳ ಮೇಲೆ ಇಟ್ಟರೂ ಗುಣವಾಗುತ್ತಿತ್ತೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ (19:11–12). ಅದೇ ಪೌಲರು ತಮ್ಮ ದೇಹದಲ್ಲಿ ನೆಟ್ಟ ಒಂದು ಮುಳ್ಳಿನ ಬಗ್ಗೆ ಬರೆದಿದ್ದಾರೆ. ಅದು ಯಾವ ಬಾಧೆ ಎಂದು ಅವರು ಹೇಳಿಲ್ಲ. ಅದನ್ನು ತೆಗೆದುಬಿಡಬೇಕೆಂದು ಮೂರು ಬಾರಿ ಪ್ರಭುವನ್ನು ಬೇಡಿದರು. ಮುಳ್ಳು ಹೋಗಲಿಲ್ಲ. ತಮ್ಮ ಕೃಪೆಯೇ ಅವರಿಗೆ ಸಾಕೆಂದೂ, ಬಲಹೀನತೆಯಲ್ಲೇ ತಮ್ಮ ಶಕ್ತಿ ಪೂರ್ಣವಾಗುತ್ತದೆಂದೂ ಪ್ರಭು ಉತ್ತರಿಸಿದರು (2 ಕೊರಿಂಥಿಯರಿಗೆ 12:7–10). ಇಲ್ಲಿ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲವೆಂದು ಹೇಳಲಾಗದು. ಉತ್ತರ ಸಿಕ್ಕಿತು, ಬೇಡಿದ ರೀತಿಯಲ್ಲಿ ಸಿಗಲಿಲ್ಲ, ಅಷ್ಟೆ.

ಪೌಲರ ಜೊತೆಗಾರರನ್ನೂ ನೋಡಿ. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಾಗಿರುವಂತೆಯೇ ಬಿಟ್ಟುಬರಬೇಕಾಯಿತೆಂದು ಅವರು ಬರೆಯುತ್ತಾರೆ (2 ತಿಮೊಥೇಯನಿಗೆ 4:20). ಪ್ರಿಯ ಶಿಷ್ಯ ತಿಮೊಥೇಯನಿಗೆ ಪದೇ ಪದೇ ಅಸ್ವಸ್ಥತೆ. ಅವನಿಗೆ ಪೌಲರು ‘ನಿನಗೆ ವಿಶ್ವಾಸ ಸಾಲದು’ ಎಂದು ಬರೆಯಲಿಲ್ಲ. ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಸಲಹೆ ಕೊಟ್ಟರು (1 ತಿಮೊಥೇಯನಿಗೆ 5:23). ಅದು ಆ ಕಾಲದ ಮನೆಮದ್ದು.

ಲೂರ್ದಿನ ಮಾತೆಯ ಭಕ್ತರು ನಮ್ಮಲ್ಲಿ ಬಹಳ ಮಂದಿ. 1858ರಲ್ಲಿ ಮಾತೆ ಮರಿಯಮ್ಮನವರ ದರ್ಶನ ಪಡೆದ ಬೆರ್ನದೆತ್ ಎಂಬ ಹುಡುಗಿ ತನ್ನ ಕೈಯಿಂದಲೇ ಮಣ್ಣು ಕೆದಕಿದಾಗ ಅಲ್ಲಿನ ಬುಗ್ಗೆಯ ನೀರು ಕಾಣಿಸಿಕೊಂಡಿತು. ಆ ನೀರನ್ನು ಅರಸಿ ಇಂದಿಗೂ ಪ್ರತಿವರ್ಷ ಲಕ್ಷಾಂತರ ಜನ ಹೋಗುತ್ತಾರೆ. ಆದರೆ ಬೆರ್ನದೆತ್ ಸ್ವತಃ ಚಿಕ್ಕಂದಿನಿಂದ ಉಬ್ಬಸದಿಂದ ನರಳುತ್ತಿದ್ದರು. ಮುಂದೆ ನೆವೆರ್ ಪಟ್ಟಣದ ಕನ್ಯಾಮಠ ಸೇರಿ, ಅಲ್ಲಿ ರೋಗಿಗಳ ಶುಶ್ರೂಷೆ ಮಾಡಿ, ಕ್ಷಯರೋಗದಿಂದ ಬಳಲಿ, 1879ರ ಏಪ್ರಿಲ್ 16ರಂದು 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಧರ್ಮಸಭೆ 1933ರಲ್ಲಿ ಸಂತ ಪದವಿಗೇರಿಸಿತು. ಬುಗ್ಗೆಯನ್ನು ತೋರಿಸಿಕೊಟ್ಟವರೇ ಗುಣವಾಗಲಿಲ್ಲ. ಅವರಿಗೆ ವಿಶ್ವಾಸ ಕಡಿಮೆಯಿತ್ತೆಂದು ಯಾರಾದರೂ ಹೇಳಿಯಾರೆ?

ಲೂರ್ದಿನಲ್ಲಿ ಗುಣವಾದೆವೆಂದು ಸಾವಿರಾರು ಮಂದಿ ವರದಿ ಮಾಡಿದ್ದಾರೆ. ವೈದ್ಯರ ತನಿಖೆಯ ನಂತರ ಧರ್ಮಸಭೆ ಅದ್ಭುತವೆಂದು ಅಧಿಕೃತವಾಗಿ ಒಪ್ಪಿಕೊಂಡಿರುವುದು ಸುಮಾರು ಎಪ್ಪತ್ತು ಪ್ರಕರಣಗಳನ್ನು ಮಾತ್ರ. ದೇವರು ಅದ್ಭುತ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದ್ಭುತವು ವಿಶ್ವಾಸದ ಪರೀಕ್ಷೆಗೆ ಸಿಗುವ ಅಂಕಪಟ್ಟಿಯಲ್ಲ. ಗುಣವಾದವರು ಪಾಸು, ಆಗದವರು ಫೇಲು ಎಂಬ ಲೆಕ್ಕ ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ.

ಔಷಧಿಯೂ ದೇವರ ಕೊಡುಗೆಯೇ

ಕೆಲವರು ಪ್ರಾರ್ಥನಾಕೂಟಕ್ಕೋ ಧ್ಯಾನಕೂಟಕ್ಕೋ ಹೋಗಿಬಂದ ಮೇಲೆ ‘ಇನ್ನು ಮಾತ್ರೆ ನುಂಗಿದರೆ ದೇವರನ್ನು ಅಪನಂಬಿದ ಹಾಗೆ’ ಎಂದು ಔಷಧಿಯನ್ನು ನಿಲ್ಲಿಸಿಬಿಡುತ್ತಾರೆ. ಇದು ಭಕ್ತಿಯಂತೆ ಕಾಣುವ ದೊಡ್ಡ ಅಪಾಯ. ಇನ್ಸುಲಿನ್ ಚುಚ್ಚುಮದ್ದನ್ನೇ ನಂಬಿರುವ ಮಗು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಸೆಳವು ಮೊದಲಿಗಿಂತ ಜೋರಾಗಿ ಬರಬಹುದು. ರಕ್ತದೊತ್ತಡದ ಮಾತ್ರೆ ಬಿಟ್ಟವರಿಗೆ ಯಾವ ನೋವೂ ಕಾಣದು, ಒಂದು ದಿನ ಲಕ್ವ ಹೊಡೆದಾಗಲೇ ಗೊತ್ತಾಗುವುದು.

ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ಸಂಜೆಯೇ ಮನೆಯವರೆಲ್ಲ ಕೂತು ಓದಿ. ವೈದ್ಯನನ್ನು ಗೌರವಿಸಬೇಕು, ಅವನನ್ನು ಸೃಷ್ಟಿಸಿದವರು ದೇವರೇ, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರೂ ಅವರೇ, ಬುದ್ಧಿವಂತ ಅದನ್ನು ಹೀಗಳೆಯುವುದಿಲ್ಲ ಎಂಬ ಬೋಧನೆ ಅಲ್ಲಿದೆ. ಕಾಯಿಲೆ ಬಿದ್ದಾಗ ಪ್ರಾರ್ಥಿಸು, ಪಾಪವನ್ನು ತೊರೆ, ಕಾಣಿಕೆ ಸಲ್ಲಿಸು, ಆಮೇಲೆ ವೈದ್ಯನಿಗೂ ಎಡೆಮಾಡಿಕೊಡು ಎಂದು ಗ್ರಂಥಕರ್ತನು ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡುತ್ತಾನೆ. ಪ್ರಾರ್ಥನೆ ಒಂದು ದಡ, ಆಸ್ಪತ್ರೆ ಇನ್ನೊಂದು ದಡ ಎಂದು ಅವನು ವಿಂಗಡಿಸುವುದಿಲ್ಲ.

ಸಕ್ಕರೆ ಕಾಯಿಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ನೂರು ವರ್ಷಗಳ ಹಿಂದೆ ಮಕ್ಕಳಿಗೆ ಈ ಕಾಯಿಲೆ ಬಂತೆಂದರೆ ಸಾವು ಖಚಿತವಾಗಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿದರು. ಸಾವಿನಂಚಿನಲ್ಲಿದ್ದ ಅವನು ಮತ್ತೆ 13 ವರ್ಷ ಬದುಕಿದ. ಇಂದು ಅದೇ ಔಷಧಿಯ ಬಲದಿಂದ ಲಕ್ಷಾಂತರ ಜನ ಓದಿ, ದುಡಿದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಾಣುತ್ತಿದ್ದಾರೆ. ಇದನ್ನು ದೇವರ ಕೃಪೆಯೆನ್ನದೆ ಮತ್ತೇನನ್ನೋಣ?

ನಮ್ಮ ಧರ್ಮಸಭೆ ಎಂದೂ ರೋಗಿಗಳಿಗೆ ಬರೀ ‘ಪ್ರಾರ್ಥನೆ ಮಾಡಿ’ ಎಂದು ಹೇಳಿ ಕಳುಹಿಸಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಮರದಡಿಯಲ್ಲಿ ಔಷಧಿ ಕೊಡಲು ಆರಂಭಿಸಿದರೆಂದು ಹೇಳುತ್ತಾರೆ. ಇಂದು ಅದು ದೊಡ್ಡ ಆಸ್ಪತ್ರೆ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರ ಸಂತ ಮಾರ್ತಾ ಆಸ್ಪತ್ರೆ 1886ರಷ್ಟು ಹಳೆಯದು. ಭಾರತದ ಧರ್ಮಾಧ್ಯಕ್ಷರು 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು.

‘ನಾನು ನಿಜವಾಗಿಯೂ ಗುಣವಾಗಿದ್ದರೆ?’ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಶುಭಸಂದೇಶದಲ್ಲಿ ದಾರಿ ಇದೆ. ಕುಷ್ಠರೋಗಿಯನ್ನು ಗುಣಪಡಿಸಿದ ಮೇಲೆ ಯೇಸುಸ್ವಾಮಿ ಅವನನ್ನು ನೇರವಾಗಿ ಮನೆಗೆ ಕಳುಹಿಸಲಿಲ್ಲ. ಯಾಜಕನಿಗೆ ತೋರಿಸಿಕೋ ಎಂದರು (ಮಾರ್ಕ 1:44). ಆ ಕಾಲದಲ್ಲಿ ಕುಷ್ಠವಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಅಧಿಕಾರ ಯಾಜಕನದು. ಹಾಗೆಯೇ ನೀವೂ ರಕ್ತಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿಕೊಳ್ಳಿ. ಕಾಯಿಲೆ ಇಳಿದಿದ್ದರೆ ಅವರೇ ಔಷಧಿ ಕಡಿಮೆ ಮಾಡುತ್ತಾರೆ. ದೇವರ ಕೆಲಸ ಪರೀಕ್ಷೆಗೆ ಹೆದರುವುದಿಲ್ಲ.

ಉಪವಾಸ, ಹರಕೆ, ಹಬ್ಬದೂಟ

ಪ್ರತಿ ತಪಸ್ಸುಕಾಲದಲ್ಲಿಯೂ ಸಕ್ಕರೆ ಕಾಯಿಲೆಯವರಿಗೆ ಒಂದು ಇಕ್ಕಟ್ಟು. ಬೂದಿ ಬುಧವಾರ ಹಾಗೂ ಶುಭ ಶುಕ್ರವಾರಗಳಂದು ಒಂದೊತ್ತು ಇರದಿದ್ದರೆ ಪಾಪವೇನೋ ಎಂಬ ಅಳುಕು. ಉಪವಾಸದ ಕಟ್ಟಳೆ 18 ತುಂಬಿದವರಿಂದ 59 ವರ್ಷದವರೆಗಿನವರಿಗೆ ಮಾತ್ರ. ಆ ವಯಸ್ಸಿನವರಾದರೂ ಉಪವಾಸದಿಂದ ಆರೋಗ್ಯ ಕೆಡುವ ಹಾಗಿದ್ದರೆ ಅವರಿಗೂ ಕಟ್ಟಳೆಯಿಲ್ಲ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ತಲೆಸುತ್ತು, ಮಾತು ತೊದಲುವುದು ಇವು ಅದರ ಗುರುತು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂತಹ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ, ಮಿತವಾಗಿ ಉಣ್ಣುವುದೇ ತಪಸ್ಸು. ಊಟದ ಬದಲು ಟಿ.ವಿ.ಯನ್ನೋ, ಮೊಬೈಲನ್ನೋ, ಚುಚ್ಚುಮಾತನ್ನೋ ಬಿಡಲಿ.

ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನನ್ನೂ ತಿನ್ನಬಾರದೆಂಬ ನಿಯಮವೂ ಕಾಯಿಲೆಯವರಿಗೆ, ವೃದ್ಧರಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಅಡ್ಡಿಯಾಗದು. ನೀರು ಮತ್ತು ಔಷಧಿ ಯಾರ ಉಪವಾಸವನ್ನೂ ಮುರಿಯುವುದಿಲ್ಲ. ಇದು ಧರ್ಮಸಭೆಯ ಕಾನೂನಿನಲ್ಲೇ ಇದೆ (ಕಾನೂನು 919).

ಹರಕೆಯ ವಿಷಯ ಇನ್ನೂ ಸೂಕ್ಷ್ಮ. ವೇಳಾಂಗಣ್ಣಿಗೋ ಡೋರ್ನಹಳ್ಳಿಗೋ ಬರಿಗಾಲಿನಲ್ಲಿ ನಡೆದುಬರುವೆನೆಂದು ಹರಕೆ ಹೊತ್ತವರಿದ್ದಾರೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜೋಮುಗಟ್ಟಿರುತ್ತವೆ. ಕಲ್ಲು ಚುಚ್ಚಿದ್ದು, ಡಾಂಬರು ಸುಟ್ಟದ್ದು ಗೊತ್ತಾಗದು. ಗಾಯ ಕೀವಾಗಿ, ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಮಾತೆ ಮರಿಯಮ್ಮನವರು ಮಕ್ಕಳ ಕಾಲನ್ನು ಕೇಳುವ ತಾಯಿಯಲ್ಲ. ಖಾಸಗಿ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಮೇಲಾದ ಪುಣ್ಯಕಾರ್ಯಕ್ಕೆ ಬದಲಿಸಿಕೊಳ್ಳಲು ಧರ್ಮಸಭೆ ಅನುಮತಿ ಕೊಡುತ್ತದೆ. ಸೂಕ್ತ ಕಾರಣವಿದ್ದಲ್ಲಿ ಅದರಿಂದ ಬಿಡುಗಡೆ ಮಾಡುವ ಅಧಿಕಾರ ವಿಚಾರಣಾ ಗುರುಗಳಿಗಿದೆ. ಮನಸ್ಸಿನಲ್ಲೇ ಕೊರಗದೆ ಅವರ ಬಳಿ ಹೋಗಿ ಹೇಳಿಕೊಳ್ಳಿ.

ಇನ್ನು ಹಬ್ಬ. ಕ್ರಿಸ್ಮಸ್ಸಿಗೆ ಕಜ್ಜಾಯ, ಕಲ್‌ಕಲ್, ಕೇಕು ಮಾಡದ ಮನೆ ಯಾವುದು? ‘ಒಂದೇ ಒಂದು, ಏನಾಗಲ್ಲ, ತಗೊಳ್ಳಿ’ ಎಂದು ಒತ್ತಾಯಿಸುವವರ ಮನೆ ಹತ್ತಾದರೆ ತಿನ್ನುವುದೂ ಹತ್ತಾಗುತ್ತದೆ. ‘ಬೇಡ’ ಎಂದವರ ಮಾತಿಗೆ ಬೆಲೆ ಕೊಡುವುದೂ ಪರಸ್ನೇಹವೇ.

ಪ್ರತಿದಿನದ ಶಿಲುಬೆ

ತಮ್ಮನ್ನು ಹಿಂಬಾಲಿಸುವವನು ಪ್ರತಿದಿನವೂ ತನ್ನ ಶಿಲುಬೆಯನ್ನು ಹೊತ್ತು ನಡೆಯಬೇಕೆಂದು ಯೇಸುಸ್ವಾಮಿ ಹೇಳಿದ್ದನ್ನು ಸಂತ ಲೂಕರು ದಾಖಲಿಸಿದ್ದಾರೆ (9:23). ‘ಪ್ರತಿದಿನವೂ’ ಎಂಬ ಈ ಮಾತು ದೀರ್ಘ ಕಾಯಿಲೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಮ್ಮೆಗೇ ಮುಗಿದುಹೋಗುವ ವೀರತ್ವವನ್ನು ಈ ಕಾಯಿಲೆ ಬೇಡುವುದಿಲ್ಲ. ಇಂದು ಮಾತ್ರೆ, ಇಂದು ನಡಿಗೆ, ಇಂದು ಪಥ್ಯ, ನಾಳೆ ಮತ್ತೆ ಅದೇ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಈ ಸಣ್ಣ ನಿಷ್ಠೆಯನ್ನು ದೇವರು ಕಾಣುತ್ತಾರೆ. ದೇಹವು ಪವಿತ್ರಾತ್ಮರ ದೇವಾಲಯ (1 ಕೊರಿಂಥಿಯರಿಗೆ 6:19). ಬಿರುಕುಬಿಟ್ಟ ಗುಡಿಯೆಂದು ನಾವು ದೀಪ ಹಚ್ಚುವುದನ್ನು ಬಿಡುತ್ತೇವೆಯೇ?

ರಾತ್ರಿ ಮಲಗುವ ಮುನ್ನ ಆತ್ಮಶೋಧನೆ ಮಾಡುವ ವಾಡಿಕೆ ನಮ್ಮಲ್ಲಿದೆ. ಸಕ್ಕರೆ ಕಾಯಿಲೆಯವರು ಅದೇ ಹೊತ್ತಿಗೆ ಪಾದಗಳನ್ನೂ ನೋಡಿಕೊಳ್ಳಲಿ. ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಲಿ, ಬಗ್ಗಲಾಗದವರು ಕನ್ನಡಿ ಹಿಡಿದೋ ಮಕ್ಕಳಿಗೆ ತೋರಿಸಿಯೋ ನೋಡಿಕೊಳ್ಳಲಿ. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದನ್ನು ನೆನೆದು ಮಗನೋ ಸೊಸೆಯೋ ಈ ಕೆಲಸ ಮಾಡಿದರೆ ಆ ಮನೆಯಲ್ಲಿ ಪ್ರತಿರಾತ್ರಿಯೂ ಪವಿತ್ರ ಗುರುವಾರ. ಮೂರು ತಿಂಗಳ ಸರಾಸರಿ ತಿಳಿಸುವ ಸಕ್ಕರೆ ಪರೀಕ್ಷೆಯನ್ನು ಡಾಕ್ಟರು ಹೇಳಿದಾಗಲೆಲ್ಲ, ಕಣ್ಣು ಮತ್ತು ಮೂತ್ರಪಿಂಡದ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ನೋವನ್ನು ದೇವರಿಗೆ ಒಪ್ಪಿಸುವುದೆಂದರೇನು? ದೇವರಿಗೆ ನಮ್ಮ ನೋವೆಂದರೆ ಇಷ್ಟ ಎಂದು ಖಂಡಿತ ಅಲ್ಲ. ಯೇಸುಸ್ವಾಮಿ ಕಂಡಲ್ಲೆಲ್ಲ ನೋವನ್ನು ನೀಗಿಸಿದರು. ನೋವುನಿವಾರಕ ಔಷಧಿ ತೆಗೆದುಕೊಳ್ಳುವುದು ತಪ್ಪಲ್ಲವೆಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲೇ ವೈದ್ಯರಿಗೆ ತಿಳಿಸಿದ್ದರು. ಹೋಗಿಸಲಾಗದೆ ಉಳಿದ ನೋವನ್ನು ಒಂಟಿಯಾಗಿ ಅನುಭವಿಸದೆ, ಕ್ರಿಸ್ತರ ಯಾತನೆಯೊಡನೆ ಸೇರಿಸಿ ಇತರರಿಗಾಗಿ ಪ್ರಾರ್ಥಿಸುವುದೇ ಒಪ್ಪಿಸುವುದು. 1984ರ ಫೆಬ್ರವರಿ 11ರಂದು ಪೋಪ್ ಎರಡನೆಯ ಜಾನ್ ಪೌಲರು ಹೊರಡಿಸಿದ ಯಾತನೆಯ ಕುರಿತಾದ ಪತ್ರದ ತಿರುಳು ಇದೇ. ಮುಂದೆ ಅವರೇ ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಕೈ, ತೊದಲುವ ಮಾತಿನೊಡನೆ ಲೋಕದ ಮುಂದೆ ನಿಂತರು, ಬಲಹೀನತೆಯನ್ನು ಮುಚ್ಚಿಡಲಿಲ್ಲ.

ನಮ್ಮ ನೆರೆಯ ಕೇರಳದ ಸಂತ ಅಲ್ಫೋನ್ಸಮ್ಮನವರ ಜೀವನವೂ ಹೀಗೆಯೇ. 1910ರಲ್ಲಿ ಹುಟ್ಟಿದ ಅವರು ಭರಣಂಗಾನಂ ಕನ್ಯಾಮಠದಲ್ಲಿ ಬಹುಪಾಲು ವರ್ಷಗಳನ್ನು ಕಾಯಿಲೆಯಲ್ಲೇ ಕಳೆದು, 1946ರ ಜುಲೈ 28ರಂದು ಬೆರ್ನದೆತ್‌ರಂತೆಯೇ 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸಂಸ್ಥೆ ಕಟ್ಟಲಿಲ್ಲ, ಗ್ರಂಥ ಬರೆಯಲಿಲ್ಲ. 2008ರ ಅಕ್ಟೋಬರ್ 12ರಂದು ಧರ್ಮಸಭೆ ಅವರನ್ನು ಸಂತರೆಂದು ಸಾರಿದಾಗ, ಭಾರತದ ಮೊದಲ ಮಹಿಳಾ ಸಂತರೆನಿಸಿದ್ದು ಕಾಯಿಲೆಯ ಹಾಸಿಗೆಯಲ್ಲಿ ಪ್ರೀತಿಯನ್ನು ಬಿಡದ ಒಬ್ಬ ಹೆಣ್ಣುಮಗಳು. ‘ನನ್ನಿಂದ ಯಾರಿಗೂ ಉಪಯೋಗವಿಲ್ಲ’ ಎಂದು ನೊಂದುಕೊಳ್ಳುವವರು ಇದನ್ನು ನೆನಪಿಡಲಿ.

ಪ್ರಾರ್ಥಿಸಲೂ ಆಗದ ದಿನಗಳು ಬರುತ್ತವೆ. ಆಗ ಉದ್ದದ ಪ್ರಾರ್ಥನೆ ಬೇಡ, ಒಂದು ‘ನಮೋ ಮರಿಯಾ’ ಸಾಕು. ದೇವರ ಮೇಲೆ ಸಿಟ್ಟು ಬಂದರೆ ಅದನ್ನೂ ದೇವರಿಗೇ ಹೇಳಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಪವಿತ್ರ ಗ್ರಂಥದಲ್ಲಿದೆ. ಆದರೆ ವಾರಗಟ್ಟಲೆ ನಿದ್ರೆಯಿಲ್ಲ, ಊಟ ರುಚಿಸದು, ಬದುಕೇ ಬೇಡವೆನಿಸುತ್ತಿದೆ ಎಂದಾದರೆ ಅದನ್ನು ವಿಶ್ವಾಸದ ಕೊರತೆಯೆಂದು ಬಚ್ಚಿಡಬೇಡಿ. ದೀರ್ಘ ಕಾಯಿಲೆಯವರಲ್ಲಿ ಮನಸ್ಸಿನ ಖಿನ್ನತೆ ಸಾಮಾನ್ಯ. ಅದಕ್ಕೂ ಚಿಕಿತ್ಸೆಯಿದೆ. ಮನೆಯವರಿಗೂ ಡಾಕ್ಟರಿಗೂ ಕೂಡಲೇ ಹೇಳಿ.

ಸಾವಿಗಲ್ಲ, ಬಾಳಿಗೆ ಬಂದ ಅಭ್ಯಂಗ

ರೋಗಿಗಳ ಅಭ್ಯಂಗ ಎಂದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ಭಯ. ಗುರುಗಳು ಎಣ್ಣೆಯೊಡನೆ ಬಂದರೆಂದರೆ ಕೊನೆಗಾಲ ಬಂತು ಎಂದೇ ತಿಳಿಯುತ್ತಾರೆ. ಹಿಂದೆ ಇದನ್ನು ‘ಅಂತಿಮ ಅಭ್ಯಂಗ’ ಎಂದು ಕರೆಯುತ್ತಿದ್ದುದೇ ಇದಕ್ಕೆ ಕಾರಣ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದು ಸಾಯುವ ಗಳಿಗೆಯವರಿಗೆ ಮಾತ್ರವಲ್ಲವೆಂದು ತಿಳಿಸಿತು, 1972ರಲ್ಲಿ ಪೋಪ್ ಆರನೆಯ ಪೌಲರು ವಿಧಿಯನ್ನು ಪರಿಷ್ಕರಿಸಿದರು. ಸಂತ ಯಕೋಬರ ಪತ್ರವೂ ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ ಎನ್ನುತ್ತದೆ (5:14–15). ಗಂಭೀರ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವೃದ್ಧಾಪ್ಯದಿಂದ ಬಲಗುಂದಿದವರು ಇದನ್ನು ಸ್ವೀಕರಿಸಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಸ್ವೀಕರಿಸಬಹುದು. ಪ್ರಜ್ಞೆ ತಪ್ಪಿದ ಮೇಲೆ ಓಡಿಹೋಗಿ ಗುರುಗಳನ್ನು ಕರೆತರುವ ಬದಲು, ಕಾಯಿಲೆಯವರು ತಾವೇ ‘ಆಮೆನ್’ ಎನ್ನುವ ಸ್ಥಿತಿಯಲ್ಲಿರುವಾಗ ಕರೆಯಿರಿ.

ಬಲಿಪೂಜೆಗೆ ಬರಲಾಗದವರಿಗೆ ಮನೆಗೇ ಪರಮಪ್ರಸಾದ ತರುವ ವಾಡಿಕೆ ನಮ್ಮಲ್ಲಿದೆ. ಆದರೆ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಗುರುಗಳಿಗೆ ತಾನಾಗಿ ತಿಳಿಯುವುದಿಲ್ಲ, ಹೇಳಬೇಕು. ಕಾಯಿಲೆಯಿಂದ ಭಾನುವಾರದ ಪೂಜೆ ತಪ್ಪಿದರೆ ಪಾಪವಲ್ಲ. ಅವರನ್ನು ಬಿಟ್ಟುಬರಲಾಗದೆ ಮನೆಯಲ್ಲುಳಿದವರಿಗೂ ಅಷ್ಟೆ.

ಮಂಚ ಹೊತ್ತ ನಾಲ್ವರು

ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಳಿಗೆಯನ್ನೇ ತೆರೆದು ಯೇಸುವಿನ ಮುಂದೆ ಇಳಿಸಿದರು. ಪ್ರಭು ಕಂಡದ್ದು ‘ಅವರ’ ವಿಶ್ವಾಸವನ್ನು ಎಂದು ಸಂತ ಮಾರ್ಕರು ಬರೆಯುತ್ತಾರೆ (2:3–5). ರೋಗಿಯ ವಿಶ್ವಾಸ ಸೋತಾಗ ಹೊರಲು ನಾಲ್ವರು ಬೇಕು. ಧರ್ಮಕೇಂದ್ರವೆಂದರೆ ಆ ನಾಲ್ವರೇ.

ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಬೇಕಾಗುತ್ತದೆ. ಜೊತೆಗೆ ಹೋಗುವವರ ದಿನಗೂಲಿ ತಪ್ಪುತ್ತದೆ. 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ರೋಗಿಗಳಿಗೆ ಉಚಿತ ಡಯಾಲಿಸಿಸ್ ಸೌಲಭ್ಯವಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಜನೌಷಧಿ ಕೇಂದ್ರಗಳಲ್ಲಿ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಇದನ್ನು ತಿಳಿಯದ ಅಕ್ಷರಬಾರದ ತಾಯಿಗೆ ಅರ್ಜಿ ಬರೆದುಕೊಡುವುದು, ಒಂದು ದಿನ ಜೊತೆಗೆ ಹೋಗುವುದು, ಸಂಜೆ ಒಂದು ಪಾತ್ರೆ ಸಾರು ಕಳುಹಿಸುವುದು ಇವು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಕೆಲಸ ಮಾತ್ರವೇ? ನೆರೆಮನೆಯವರದೂ ಅಲ್ಲವೇ?

ನೋಡಲು ಹೋದಾಗ ಹೆಚ್ಚು ಮಾತು ಬೇಡ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಪಕ್ಕ ನೆಲದ ಮೇಲೆ ಕುಳಿತಿದ್ದರು (2:13). ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಕೆಟ್ಟಿತು. ‘ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿ ಹೋಗ್ಬಿಟ್ರು’ ಎಂಬ ಕತೆಯೂ ಬೇಡ, ‘ಆ ಬೇರಿನ ಕಷಾಯ ಕುಡಿ, ಇಂಜೆಕ್ಷನ್ ಬಿಡು’ ಎಂಬ ಉಪದೇಶವೂ ಬೇಡ.

ನೋಡಿಕೊಳ್ಳುವವರನ್ನು ಮರೆಯಬೇಡಿ. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಮಗಳು ಅಥವಾ ಸೊಸೆ. ರೋಗಿಯ ಆರೋಗ್ಯವನ್ನು ಎಲ್ಲರೂ ವಿಚಾರಿಸುತ್ತಾರೆ, ಅವಳದನ್ನು ಯಾರೂ ಕೇಳುವುದಿಲ್ಲ. ಅವಳಿಗೂ ನಿದ್ರೆ ಬೇಕು, ತಿಂಗಳಿಗೊಂದು ದಿನವಾದರೂ ಬಿಡುವು ಬೇಕು. ಗಂಡಸರೂ ಗಂಜಿ ಕಾಯಿಸಬಲ್ಲರು, ಮಾತ್ರೆ ಎಣಿಸಿಕೊಡಬಲ್ಲರು.

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಇದ್ದಬದ್ದ ಹಣವನ್ನೆಲ್ಲ ಖರ್ಚು ಮಾಡಿ ಸೋತಿದ್ದ ಹೆಂಗಸು ಗುಂಪಿನಲ್ಲಿ ನುಸುಳಿ ಯೇಸುವಿನ ಉಡುಪನ್ನು ಮುಟ್ಟಿದಳು. ಪ್ರಭು ನಿಂತರು. ಎಲ್ಲರೆದುರು ಅವಳನ್ನು ‘ಮಗಳೇ’ ಎಂದು ಕರೆದರು (ಮಾರ್ಕ 5:25–34). ಗುಣವಾಗುವುದಕ್ಕೂ ಗುಣವಾಗದಿರುವುದಕ್ಕೂ ಮೀರಿದ ಸಂಗತಿ ಆ ಕರೆಯಲ್ಲಿದೆ. ನಿಮ್ಮ ರಕ್ತದ ಸಕ್ಕರೆ ಇಂದು ಎಷ್ಟೇ ಇರಲಿ, ಆ ಹೆಸರು ಬದಲಾಗುವುದಿಲ್ಲ. ನೀವು ದೇವರ ಮಗಳು, ದೇವರ ಮಗ. ಆ ಧೈರ್ಯದಿಂದ ಇಂದಿನ ಮಾತ್ರೆ ನುಂಗಿ, ಇಂದಿನ ನಡಿಗೆ ಮುಗಿಸಿ, ಇಂದಿನ ಜಪ ಹೇಳಿ. ನಾಳೆಯ ದಿನಕ್ಕೆ ನಾಳೆಯ ಕೃಪೆ ಇದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕಾಯಿಲೆಯವರ ಮುಂದೆ ‘ಪಾಪ’, ‘ಶಾಪ’, ‘ವಿಶ್ವಾಸ ಸಾಲದು’ ಎಂಬ ಮಾತುಗಳನ್ನು ಆಡಿದ್ದೇವೆಯೇ?

2. ಡಾಕ್ಟರನ್ನು ಕೇಳದೆ ಯಾರಾದರೂ ಔಷಧಿ ನಿಲ್ಲಿಸಿದ್ದಾರೆಯೇ? ಈ ವಾರವೇ ಅವರನ್ನು ಯಾರು ಆಸ್ಪತ್ರೆಗೆ ಕರೆದೊಯ್ಯುವಿರಿ?

3. ನಮ್ಮ ಬೀದಿಯಲ್ಲಿ ಪರಮಪ್ರಸಾದ ಅಥವಾ ಅಭ್ಯಂಗಕ್ಕಾಗಿ ಕಾಯುತ್ತಿರುವವರು ಯಾರು? ಗುರುಗಳಿಗೆ ತಿಳಿಸಿದ್ದೇವೆಯೇ?

4. ನಮ್ಮ ಮನೆಯ ರೋಗಿಯನ್ನು ನೋಡಿಕೊಳ್ಳುವವರಿಗೆ ಮುಂದಿನ ತಿಂಗಳು ಯಾವ ದಿನ ಬಿಡುವು ಕೊಡೋಣ?

ಪ್ರಾರ್ಥನೆ

ಪ್ರಭು ಯೇಸುವೇ, ನನ್ನ ಕಾಯಿಲೆಯನ್ನು ನೀವು ಬಲ್ಲಿರಿ. ಅದನ್ನು ತೆಗೆದುಬಿಡಲು ನಿಮಗೆ ಚಿತ್ತವಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಅದರ ಜೊತೆಯಲ್ಲಿ ನೀವೂ ಇರಿ. ವೈದ್ಯರ ಕೈಗೆ ಜಾಣ್ಮೆಯನ್ನು, ನನ್ನ ನಾಲಿಗೆಗೆ ಸಂಯಮವನ್ನು, ನನ್ನನ್ನು ನೋಡಿಕೊಳ್ಳುವವರಿಗೆ ಬಲವನ್ನು ಕೊಡಿ. ನನಗಿಂತ ಹೆಚ್ಚು ನರಳುತ್ತಿರುವವರಿಗಾಗಿ ಇಂದಿನ ನೋವನ್ನು ನಿಮಗೆ ಒಪ್ಪಿಸುತ್ತೇನೆ. ಆಮೆನ್.